ಸದ್ದಲೇ

ಆಯುಧ ಪೂಜೆಯ ಸಂಜೆ ದೇವರಗುಡ್ಡದ ಬಯಲಿನಲ್ಲಿ ಜನ ಒಂದೇ ಒಂದು ಶಬ್ದಕ್ಕೆ ಕಾಯುತ್ತಾರೆ. ಅದು ಬರುವ ತನಕ ಗದ್ದಲವೋ ಗದ್ದಲ. ಡಮರುಗದ ಸದ್ದು, ಮಕ್ಕಳ ಪೀಪಿ, ಮಿರ್ಚಿ-ಮಂಡಕ್ಕಿ ಅಂಗಡಿಯವರ ಕೂಗು, ಕಳೆದುಹೋದ ಹುಡುಗನ ಹೆಸರು ಹೇಳುವ ಮೈಕು. ಇದರ ನಡುವೆ ಯಾರೋ ಒಬ್ಬರು 'ಏಳುಕೋಟಿ ಏಳುಕೋಟಿ ಏಳುಕೋಟಿಗೋ' ಅಂದರೆ ಸಾವಿರ ಗಂಟಲು ಒಟ್ಟಿಗೆ 'ಚಾಂಗಮಲೋ' ಅನ್ನುತ್ತವೆ. ಆಗ ಮೈಲಾರ ದೇವರ ಭಕ್ತರಾದ ಗೊರವಪ್ಪ, ನೆಟ್ಟಗೆ ನಿಲ್ಲಿಸಿದ ಎತ್ತರದ ಬಿಲ್ಲು ಏರಲು ಶುರು ಮಾಡುತ್ತಾರೆ. ನವರಾತ್ರಿ ಪೂರ್ತಿ ಉಪವಾಸ ಇದ್ದ ಮೈ. ಕೆಳಗಿದ್ದವರು ಬಿಲ್ಲನ್ನು ಬಿಗಿಯಾಗಿ ಹಿಡಿದಿರುತ್ತಾರೆ. ತುದಿಗೆ ಹೋಗಿ, ಒಂದು ಗಳಿಗೆ ಆಕಾಶ ನೋಡಿ, ಕೂಗುತ್ತಾರೆ: 'ಸದ್ದಲೇ!'

ಅಷ್ಟೇ. ಪೀಪಿ ಊದುತ್ತಿದ್ದ ಮಗು ಕೂಡ ಪೀಪಿಯನ್ನು ಬಾಯಲ್ಲೇ ಇಟ್ಟುಕೊಂಡು ನಿಲ್ಲುತ್ತದೆ.

ನಾನು ಒಂದು ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ಸದ್ದು ಅಡಗಿಸುವುದು ನನಗೆ ಹೊಸದಲ್ಲ. ಕಾರಿಡಾರಿನಲ್ಲಿ ನನ್ನ ಚಪ್ಪಲಿ ಸಪ್ಪಳ ಕೇಳಿದರೆ ಒಂಬತ್ತನೇ ಕ್ಲಾಸು ತಣ್ಣಗಾಗುತ್ತದೆ. ಸ್ಟಾಫ್ ರೂಮೂ ಹಾಗೇ. ನಗುತ್ತಾ ಮಾತಾಡುತ್ತಿದ್ದವರು ನಾನು ಬಾಗಿಲಿಗೆ ಬಂದರೆ ವಹಿ ತೆರೆಯುತ್ತಾರೆ. ಇದನ್ನು ನಾನು ಬಹಳ ದಿನ ಶಿಸ್ತು ಅಂತಲೇ ತಿಳಿದಿದ್ದೆ. ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ದೇವರಗುಡ್ಡ ನಮಗೆ ದೂರವೇನಲ್ಲ. ರಾಣೆಬೆನ್ನೂರು ತಾಲೂಕಿನದೇ. ರೈಲಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ಆ ಹೆಸರಿನ ಸ್ಟೇಷನ್ನೂ ಸಿಗುತ್ತದೆ. ನಮ್ಮ ಕಡೆ ಹಾಜರಿ ತೆಗೆದರೆ ಒಬ್ಬ ಮಾಲತೇಶ, ಒಬ್ಬ ಗುಡ್ಡಪ್ಪ ಇಲ್ಲದ ಕ್ಲಾಸು ಅಪರೂಪ. ಎಲ್ಲ ಆ ಗುಡ್ಡದಯ್ಯನ ಹೆಸರೇ. ಮಣಿಮಲ್ಲಾಸುರರನ್ನು ಕೊಲ್ಲಲು ಶಿವ ಮೈಲಾರನಾಗಿ ಏಳು ಕೋಟಿ ದಂಡು ಕಟ್ಟಿಕೊಂಡು ಬಂದ ಅನ್ನುವುದು ಕಥೆ. ಆ ದಂಡೇ ಕಂಬಳಿ ಹೊದ್ದ ಗೊರವರು. ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಗೆ ಕಾರ್ಣಿಕ, ಅಂದರೆ ಮುಂದಾಗುವುದನ್ನು ಹೇಳುವ ದೇವರ ನುಡಿ, ಆಗುತ್ತದೆ, ನಮ್ಮಲ್ಲಿ ದಸರೆಗೆ. ಇಷ್ಟು ಹತ್ತಿರ ಇದ್ದೂ ನಾನು ಕೆಲಸಕ್ಕೆ ಸೇರಿದ ಮೇಲೆ ಕಾರ್ಣಿಕಕ್ಕೆ ಹೋಗಿದ್ದೇ ಇಲ್ಲ. ಟಿವಿಯಲ್ಲಿ ನೋಡಿ, 'ಈ ಸಲ ಏನು ನುಡಿದ್ರಂತೆ?' ಅಂತ ಕೇಳಿ ಸುಮ್ಮನಾಗುತ್ತಿದ್ದೆ.

ಹೋಗುವಂತೆ ಮಾಡಿದ್ದು ಅವ್ವ. ನನಗೆ ಬಡ್ತಿ ಸಿಕ್ಕರೆ ದೋಣಿ ತುಂಬಿಸ್ತೀನಿ ಅಂತ ಬೇಡಿಕೊಂಡಿದ್ದಳಂತೆ. ಬಡ್ತಿ ಸಿಕ್ಕು 3 ವರ್ಷ ಆಗಿತ್ತು. ಹರಕೆ ಹಾಗೇ ಉಳಿದಿತ್ತು, ಯಾಕೆಂದರೆ ನನಗೆ ಪುರುಸೊತ್ತಿರಲಿಲ್ಲ. ಒಂದು ಸಲ ಸಿಟ್ಟಿನಲ್ಲಿ, 'ಬಡ್ತಿ ಸೀನಿಯಾರಿಟಿ ಮೇಲೆ ಬಂದದ್ದಬೇ, ಹರಕಿಯಿಂದಲ್ಲ' ಅಂದಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ, 'ಅದಕ್ಕ ಹಿಂಗ ಆಗಿ' ಅಂದಳು. ಹಿಂಗ ಅಂದರೆ ಹೆಂಗ ಅಂತ ನಾನು ಕೇಳಲಿಲ್ಲ. ಗೊತ್ತಿತ್ತು ಅನಿಸುತ್ತದೆ.

ಗೊತ್ತಿರುವ ಕಾರಣವನ್ನೂ ಹೇಳಿಬಿಡುತ್ತೇನೆ. ನಮ್ಮ ಗಣಿತದ ಮೇಷ್ಟ್ರು ಇನ್ನೂ ಚಿಕ್ಕ ವಯಸ್ಸಿನವರು. ಎಸ್ಸೆಸ್ಸೆಲ್ಸಿ ಹುಡುಗರಿಗೆ ಬೆಳಿಗ್ಗೆ ಶಾಲೆಗೆ ಮುಂಚೆ ತಾವಾಗಿಯೇ ಪಾಠ ಶುರು ಮಾಡಿದ್ದರು. ಯಾರೂ ಹೇಳಿರಲಿಲ್ಲ. ಆ ವರ್ಷ ರಿಸಲ್ಟ್ ಚೆನ್ನಾಗಿ ಬಂತು. ಒಂದು ಸಮಾರಂಭದಲ್ಲಿ ನನಗೆ ಶಾಲು ಹೊದಿಸಿದರು. ಮೈಕ್ ಕೈಗೆ ಬಂದಾಗ, 'ನಾನು ಶುರು ಮಾಡಿದ ಬೆಳಗಿನ ತರಗತಿಗಳಿಂದ' ಅಂತ ಬಾಯಿಂದ ಬಂದೇಬಿಟ್ಟಿತು. ಮೇಷ್ಟ್ರು ಮೂರನೇ ಸಾಲಿನಲ್ಲಿ ಕೂತಿದ್ದರು. ಚಪ್ಪಾಳೆಯನ್ನೂ ತಟ್ಟಿದರು.

ಅಲ್ಲಿಗೆ ಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ. ಮುಂದಿನ ವರ್ಷ ಆ ಕ್ಲಾಸನ್ನು ಸಂಜೆಗೆ ಹಾಕೋಣ ಅಂದೆ. ಸಂಜೆಯಾದರೆ ನಾನೂ ಇರುತ್ತೇನೆ, ಬಂದ ಅಧಿಕಾರಿಗಳಿಗೂ ತೋರಿಸಬಹುದು ಅನ್ನುವುದು ಒಳಗಿನ ಲೆಕ್ಕ. ಮೇಷ್ಟ್ರು ಮೀಟಿಂಗಿನಲ್ಲಿ ಎದ್ದು, 'ಮೇಡಂ, ಹಳ್ಳಿ ಹೆಣ್ಣುಮಕ್ಕಳಿಗೆ ಸಂಜೀ ಬಸ್ ತಪ್ತೈತ್ರಿ' ಅಂದರು. ಸರಿಯಾದ ಮಾತು. ಸರಿಯಾದ ಮಾತು ಅನ್ನುವುದೇ ನನಗೆ ಚುಚ್ಚಿತು. 'ನೀವು ನನ್ನ ಕೈಕೆಳಗೆ ಕೆಲಸ ಮಾಡ್ತೀರಿ, ಅದು ನೆನಪಿರಲಿ' ಅಂದೆ. ಆಗಲೂ ಸದ್ದಡಗಿತು. ಫ್ಯಾನಿನ ಕಿರ್ ಕಿರ್ ಮಾತ್ರ.

ತಮಾಷೆ ಅಂದರೆ ಅದೇ ತಿಂಗಳು ನಾನು ಮುಖ್ಯಶಿಕ್ಷಕರ ನಾಯಕತ್ವ ತರಬೇತಿ ಮುಗಿಸಿ ಬಂದಿದ್ದೆ. 'ಕೇಳಿಸಿಕೊಳ್ಳುವುದೇ ನಾಯಕನ ಮೊದಲ ಗುಣ' ಅಂತ ವಹಿಯಲ್ಲಿ ಬರೆದು ಅಡಿಗೆರೆ ಬೇರೆ ಎಳೆದಿದ್ದೆ. ಇನ್ನೂ ತಮಾಷೆ, ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಧ್ಯಾನಕ್ಕೂ ಕೂರುತ್ತಿದ್ದೆ. ಕೊರೋನಾ ಹೊತ್ತಿನಲ್ಲಿ ಆನ್‌ಲೈನಿನಲ್ಲಿ ಕಲಿತದ್ದು. ಎರಡು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ ಅಂತ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೆ. ಕಣ್ಣು ಮುಚ್ಚಿದರೆ ಏನಾಗುತ್ತಿತ್ತು ಅಂತ ಮಾತ್ರ ಹೇಳುತ್ತಿರಲಿಲ್ಲ. ಹತ್ತು ಉಸಿರು ಎಣಿಸುವುದರೊಳಗೆ ಸ್ಟಾಫ್ ಮೀಟಿಂಗ್ ಶುರು. ಅವರು ಹಿಂಗಂದರೆ ನಾನು ಹಂಗನ್ನಬೇಕು ಅಂತ ರಿಹರ್ಸಲ್. ಬೆನ್ನು ನೆಟ್ಟಗೆ, ಕೈ ತೊಡೆ ಮೇಲೆ, ಒಳಗೆ ಜಗಳ.

ಕನಕದಾಸರ 'ನಾನು ಹೋದರೆ ಹೋದೇನು' ಕಥೆಯೂ ನನಗೆ ಬಾಯಿಪಾಠ. ಕಾಗಿನೆಲೆ ಇಲ್ಲೇ ಬ್ಯಾಡಗಿ ತಾಲೂಕಿನಲ್ಲಿದೆ. ಪ್ರತಿ ಕನಕ ಜಯಂತಿಗೆ ಮಕ್ಕಳ ಮುಂದೆ ನಿಂತು, 'ನಾನು ಎಂಬುದು ಹೋದರೆ' ಅನ್ನುವಲ್ಲಿ ಸ್ವಲ್ಪ ತಡೆದು, ದನಿ ಇಳಿಸಿ ಹೇಳುತ್ತೇನೆ. ಚೆನ್ನಾಗಿ ಹೇಳ್ತೀರಿ ಮೇಡಂ ಅಂತ ಹೊಗಳಿಕೆಯೂ ಬಂದಿದೆ.

ಇರಲಿ. ದೋಣಿ ವಿಷಯಕ್ಕೆ ಬರುತ್ತೇನೆ.

ಹೊಳೆ ದಾಟುವ ದೋಣಿಯಲ್ಲ ಇದು. ಗೊರವರ ಪಾತ್ರೆ. ಹರಕೆ ಹೊತ್ತವರು ಅದರಲ್ಲಿ ಬಾಳೆಹಣ್ಣು, ಹಾಲು, ತುಪ್ಪ, ಸಕ್ಕರೆ ಹಾಕಿ ತುಂಬಿಸುತ್ತಾರೆ. ಗೊರವರು ಕರಿ ಕಂಬಳಿ ಹೊದ್ದು, ಕರಡಿ ಕೂದಲಿನ ಟೊಪ್ಪಿಗೆ ಹಾಕಿ ಬರುತ್ತಾರೆ. ದೋಣಿ ಸುತ್ತ ಮಂಡಿಯೂರಿ, ನಾಯಿಯಂತೆ ಬೊಗಳುತ್ತಾ, ಬಾಯಿ ಹಾಕಿ ತಿನ್ನುತ್ತಾರೆ. ಮೈಲಾರನ ಜೊತೆ ನಾಯಿ ಇರುತ್ತದಲ್ಲ, ತಾವು ಅವನ ನಾಯಿಗಳು ಅನ್ನುವ ಭಾವ. ಚಿಕ್ಕವಳಿದ್ದಾಗ ನೋಡಿ ಹೆದರಿದ್ದೆ. ಕಾಲೇಜಿಗೆ ಹೋದ ಮೇಲೆ ಮುಜುಗರ ಆಗುತ್ತಿತ್ತು. ದೊಡ್ಡ ಮನುಷ್ಯರು ಹೀಗೆಲ್ಲ ಯಾಕೆ ಮಾಡಬೇಕು ಅಂತ.

ಆವತ್ತು ನಾನು ಹೊಸ ಇಳಕಲ್ ಸೀರೆ ಉಟ್ಟು ಹೋಗಿದ್ದೆ. ಹಾಲು ಸಿಡಿದೀತು ಅಂತ ನಿರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈ ಉದ್ದ ಮಾಡಿ ತುಪ್ಪ ಸುರಿದೆ. ಅವ್ವ ಪಕ್ಕದಲ್ಲಿ ನೆಲಕ್ಕೇ ಕೂತು ಬಾಳೆಹಣ್ಣು ಸುಲಿದು, ಕಿವುಚಿ ಹಾಕುತ್ತಿದ್ದಳು. ಮೊಣಕೈವರೆಗೆ ಹಣ್ಣು, ಸಕ್ಕರೆ. ನಾಲ್ಕು ಜನ ಗೊರವರು ಬಂದು ಕೂತರು. ಬೊಗಳಿದರು. ತಲೆ ತಗ್ಗಿಸಿ ತಿನ್ನತೊಡಗಿದರು. ಒಬ್ಬರ ಟೊಪ್ಪಿಗೆ ಜಾರಿ ದೋಣಿಯ ಅಂಚಿಗೆ ತಾಗಿತು. ಪಕ್ಕದವರು ಮೊಣಕೈಯಿಂದ ಅದನ್ನು ಹಿಂದೆ ತಳ್ಳಿದರು. ಟೊಪ್ಪಿಗೆ ಸರಿದಾಗ ಮುಖ ಕಂಡಿತು. ಪರಿಚಯದ ಮುಖ.

ನಮ್ಮ ಶಾಲೆಯ ಒಬ್ಬ ಹುಡುಗನ ಅಜ್ಜ. ಪಾಲಕರ ಸಭೆಗೆ ಬಂದಿದ್ದರು. ಸಹಿ ಮಾಡಲು ಬರದೆ ಹೆಬ್ಬೆಟ್ಟು ಒತ್ತುವಾಗ ಮಸಿ ಬೇರೆಯವರ ಹೆಸರಿನ ಮೇಲೆ ಹತ್ತಿತ್ತು. 'ನೋಡಿಕೊಂಡು ಒತ್ರಿ, ರಿಜಿಸ್ಟರ್ ಹಾಳಾಯ್ತು' ಅಂತ ಎಲ್ಲರ ಮುಂದೆ ಅಂದಿದ್ದೆ. ಅವರು ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಹಿಂದಕ್ಕೆ ಹೋಗಿ ನಿಂತಿದ್ದರು.

ತಿಂದು ಮುಗಿಸಿ ಅಜ್ಜ ಗಡ್ಡ ಒರೆಸಿಕೊಂಡರು. ಚೀಲದಿಂದ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ತೆಗೆದರು. ಅವ್ವನ ಹಣೆಗೆ ಹಚ್ಚಿದರು. ನನ್ನ ಕಡೆ ಕೈ ಎತ್ತಿದರು. ನಾನು ಕುತ್ತಿಗೆಯನ್ನಷ್ಟೇ ಮುಂದೆ ಚಾಚಿದೆ.

'ಬಗ್ರಿ ಅಕ್ಕೋರ. ನನ್ ಕೈ ನಿಲುಕೂದಿಲ್ಲ.'

ಸ್ವಲ್ಪ ಬಗ್ಗಿದೆ. ಸಾಲಲಿಲ್ಲ. ಅವರು ನೆಲದ ಮೇಲಿದ್ದರು, ನಾನು ಉದ್ದ ಹೆಣ್ಣು. ಕೊನೆಗೆ ನಿರಿಗೆ ಬಿಟ್ಟು ಮಂಡಿಯೂರಬೇಕಾಯಿತು. ಸೀರೆಗೆ ಹಾಲು ತಾಗಿತು, ಅಂಟಂಟಾದ ಸಕ್ಕರೆ ಮೊಣಕಾಲಿಗೆ ಮೆತ್ತಿತು. ಅಜ್ಜ ಭಂಡಾರವನ್ನು ಹಣೆ ತುಂಬ ಒತ್ತಿ ಹಚ್ಚಿದರು, ಅದೇ ಹೆಬ್ಬೆರಳಿನಿಂದ. 'ಮಾಲತೇಶ ಚಲೋ ಇಟ್ಟಿರ್ಲಿ' ಅಂದರು. ನನ್ನ ಗುರುತು ಅವರಿಗೆ ಚೆನ್ನಾಗಿಯೇ ಸಿಕ್ಕಿತ್ತು. ಹಳೆಯದನ್ನು ಇಟ್ಟುಕೊಂಡ ಮುಖ ಅದಾಗಿರಲಿಲ್ಲ. ನನಗೆ ಮಾತು ಹೊರಡಲಿಲ್ಲ. ಮಾತೇ ನನ್ನ ಉದ್ಯೋಗ ಅಲ್ವಾ, ಆದರೂ.

ಸಂಜೆ ಕಾರ್ಣಿಕದ ಹೊತ್ತಿಗೆ ಬ್ಯಾರಿಕೇಡ್ ಹತ್ತಿರ ಇದ್ದ ಪೊಲೀಸ್ ಹುಡುಗ ನನ್ನ ಹಳೆಯ ವಿದ್ಯಾರ್ಥಿ. 'ಮೇಡಂ, ಮುಂದ ಬರ್ರಿ, ಜಾಗ ಮಾಡ್ತೀನಿ' ಅಂದ. ಬೇರೆ ದಿನ ಆಗಿದ್ದರೆ ಹೋಗಿ ಕೂರುತ್ತಿದ್ದೆ, ಸುತ್ತ ಯಾರು ನೋಡಿದರು ಅಂತಲೂ ನೋಡುತ್ತಿದ್ದೆ. ಆವತ್ತು ಸೀರೆ ಕೊಳೆಯಾಗಿದೆ ಅನ್ನುವುದೇ ನೆಪವಾಯಿತು. ಅವ್ವನ ಜೊತೆ ಹಿಂದೆಯೇ ನಿಂತೆ. ಅಲ್ಲಿಂದ ಬಿಲ್ಲಿನ ಮೇಲ್ತುದಿ ಮಾತ್ರ ಕಾಣುತ್ತಿತ್ತು.

'ಸದ್ದಲೇ!'

ಇಷ್ಟು ವರ್ಷ ಟಿವಿಯಲ್ಲಿ ನಾನು ಕಾರ್ಣಿಕದ ನುಡಿಗಾಗಿ ಕಾಯುತ್ತಿದ್ದೆ. ಎಲ್ಲರೂ ಹಾಗೇ. ಮಳೆ ಹೆಂಗೆ, ಗೋವಿನಜೋಳದ ರೇಟು ಏನಾದೀತು, ಯಾವ ಕುರ್ಚಿ ಉರುಳೀತು ಅಂತ ಆ ಒಂದು ಸಾಲನ್ನು ಹಿಂಡಿ ಹಿಂಡಿ ಅರ್ಥ ತೆಗೆಯುತ್ತೇವೆ. ಅಲ್ಲಿ ನಿಂತಾಗ ನನ್ನನ್ನು ಹಿಡಿದದ್ದು ಆ ನುಡಿಗೆ ಮುಂಚಿನ ಮೌನ. ಇದು ನನಗೆ ಗೊತ್ತಿದ್ದ ಮೌನ ಅಲ್ಲ. ನನ್ನ ಸ್ಟಾಫ್ ರೂಮಿನಲ್ಲಿ ಸದ್ದಡಗಿದಾಗ ಎಲ್ಲರೂ ತಲೆ ತಗ್ಗಿಸಿರುತ್ತಾರೆ. ಇಲ್ಲಿ ಎಲ್ಲರ ತಲೆ ಮೇಲಿತ್ತು. ಅವ್ವನ ಬಾಯಿ ಅರ್ಧ ತೆರೆದಿತ್ತು.

ನುಡಿ ಬಂತು, 'ಪರಾಕ್' ಅಂತ ಮುಗಿಯಿತು. ಅಷ್ಟಕ್ಕೇ ಗೊರವಪ್ಪ ಕೈ ಬಿಟ್ಟುಬಿಟ್ಟರು. ಮೆಟ್ಟಿಲು ಇಳಿಯುವ ಹಾಗೆ ಇಳಿಯುವುದಲ್ಲ, ಬೀಳುವುದೇ. ಇನ್ನೊಂದು ಮಾತು ಸೇರಿಸಲಿಲ್ಲ, ಹೇಳಿದ್ದಕ್ಕೆ ವಿವರಣೆ ಕೊಡಲಿಲ್ಲ. ಕೆಳಗೆ ನೂರಾರು ಕೈಗಳು ಎದ್ದವು, ಜನ ಮುಗಿಬಿದ್ದರು, ಆಮೇಲೆ ಅವರು ಕಾಣಲೇ ಇಲ್ಲ. ಬಿಲ್ಲಿನ ತುದಿ ಖಾಲಿ. ಅಲ್ಲಿ ಏರಲು ಒಂಬತ್ತು ದಿನದ ವ್ರತ, ಇರುವುದು ಒಂದು ನಿಮಿಷ. ನಾನಾಗಿದ್ದರೆ ಮೇಲೆ ಏರಿದ ಮೇಲೆ ಮೊದಲು ಸ್ವಾಗತ, ಆಮೇಲೆ ಪ್ರಾಸ್ತಾವಿಕ, ಆಮೇಲೆ ನನ್ನ ಕಾಲದಲ್ಲಿ ಆದ ಅಭಿವೃದ್ಧಿ ಕೆಲಸಗಳು. ನಗು ಬಂತು. ಪಕ್ಕದವರು ತಿರುಗಿ ನೋಡಿದರು.

ವಾಪಸ್ ಬರುವಾಗ ಟಂಟಂನಲ್ಲಿ ಅವ್ವ ನಿದ್ದೆ ಹೋದಳು. ಮರುದಿನ ಬೆಳಿಗ್ಗೆ ಧ್ಯಾನಕ್ಕೆ ಕೂತೆ. ಎಂದಿನಂತೆ ಮೀಟಿಂಗ್ ಶುರುವಾಯಿತು. ಒಳಗೇ 'ಸದ್ದಲೇ' ಅಂದೆ. ಗುಡ್ಡದ ಹಾಗೆ ಒಮ್ಮೆಗೇ ಏನೂ ನಿಲ್ಲಲಿಲ್ಲ. ಆದರೆ ಯಾರು ಮಾತಾಡುತ್ತಿದ್ದಾರೆ ಅಂತ ಮೊದಲ ಸಲ ಗಮನಿಸಿದೆ. ಮೀಟಿಂಗಿನಲ್ಲಿ ಬೇರೆ ಯಾರೂ ಇರಲಿಲ್ಲ. ಎಲ್ಲ ಕುರ್ಚಿಯಲ್ಲೂ ನಾನೇ ಕೂತು, ನಾನೇ ಕೇಳಿ, ನಾನೇ ಉತ್ತರ ಕೊಡುತ್ತಿದ್ದೆ. ಇಪ್ಪತ್ತು ನಿಮಿಷ ಅದನ್ನೇ ನೋಡುತ್ತಾ ಕೂತೆ.

ಅಂದು ವಿಜಯದಶಮಿ. ನಮ್ಮ ಕಡೆ ಸಂಜೆ ಬನ್ನಿ ಕೊಡುವುದು ನಿಮಗೂ ಗೊತ್ತಿರಬಹುದು. 'ಬನ್ನಿ ತಗೊಂಡು ಬಂಗಾರದಂಗ ಇರೂಣು' ಅಂತ ಚಿಕ್ಕವರು ದೊಡ್ಡವರ ಮನೆಗೆ ಹೋಗಿ, ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ. ನನ್ನ ಮನೆಗೆ ಶಾಲೆಯವರೆಲ್ಲ ಬರುತ್ತಾರೆ. ಯಾರು ಬಂದರು, ಯಾರು ಬರಲಿಲ್ಲ ಅಂತ ನಾನು ಮನಸ್ಸಿನಲ್ಲೇ ಹಾಜರಿ ಹಾಕುವುದೂ ಉಂಟು. ಆ ಸಂಜೆ ಅವರೆಲ್ಲ ಬರುವ ಮುಂಚೆಯೇ ನಾಲ್ಕು ಎಲೆ ಮುಷ್ಟಿಯಲ್ಲಿ ಹಿಡಿದು ಗಣಿತದ ಮೇಷ್ಟ್ರ ಮನೆಗೆ ಹೊರಟೆ. ಅವ್ವ ಬಾಗಿಲಲ್ಲಿ ಕೂತಿದ್ದಳು. ಎಲ್ಲಿಗೆ ಅಂತ ಕೇಳಲಿಲ್ಲ.

ಬಾಗಿಲು ತೆರೆದವರು ಅವರ ಹೆಂಡತಿ. ನನ್ನನ್ನು ನೋಡಿ ಸೆರಗು ಸರಿ ಮಾಡಿಕೊಂಡು ಒಳಗೆ ಓಡಿದರು. ಮೇಷ್ಟ್ರು ಬನಿಯನ್ ಮೇಲೆ ಅಂಗಿ ಹಾಕಿಕೊಳ್ಳುತ್ತಲೇ ಬಂದರು, ಗುಂಡಿ ತಪ್ಪಿ ಬಿದ್ದಿತ್ತು.

'ಮೇಡಂ, ನಾವ ಬರೋರಿದ್ವಿರಿ...'

ದಾರಿಯಲ್ಲಿ ಒಂದು ಚಂದದ ಮಾತು ಹೊಂದಿಸಿಕೊಂಡು ಬಂದಿದ್ದೆ. ಬನ್ನಿ ಕೈಗಿಟ್ಟಾಗ ಅದು ಮರೆತೇಹೋಯಿತು. 'ಬೆಳಗಿನ ಕ್ಲಾಸ್ ನೀವು ಶುರು ಮಾಡಿದ್ದು ಸರ್. ಸ್ಟೇಜ್ ಮೇಲೆ ನಾನು ಸುಳ್ಳು ಹೇಳಿದೆ' ಅಂದೆ. ಅವರು ಎಲೆಯನ್ನೇ ನೋಡುತ್ತಾ ನಿಂತರು. 'ಇರ್ಲಿ ಬಿಡ್ರಿ' ಅನ್ನಬಹುದು ಅಂದುಕೊಂಡಿದ್ದೆ. ಅನ್ನಲಿಲ್ಲ. ಒಳಗಿಂದ ಚಹಾ ಬಂತು. ಕೂತೆವು.

ಅರ್ಧ ಕಪ್ ಆದ ಮೇಲೆ ಅವರೇ ಕೇಳಿದರು. 'ಹಂಗಾರ ಆ ಸಂಜೀ ಕ್ಲಾಸಿನ ಮಾತು ಮತ್ತ ಮಾತಾಡಬಹುದ್ರ್ಯಾ ಮೇಡಂ? ಬಸ್ಸಿಂದು ಅಷ್ಟ ಅಲ್ಲ, ಇನ್ನೂ ಎರಡು ತೊಂದ್ರೆ ಅದಾವ.'

ಇನ್ನೂ ಎರಡಾ? ಮೈಯೆಲ್ಲ ಜುಮ್ಮೆಂದಿತು. ಮನೆ ತನಕ ಬಂದಿದ್ದೇನೆ ಅನ್ನುವುದಾದರೂ ಬೇಡವಾ ಇವರಿಗೆ ಅನಿಸಿತು. ಉತ್ತರವೂ ನಾಲಿಗೆ ತುದಿಗೆ ಬಂದು ಕೂತಿತು. ಚಹಾ ಬಿಸಿ ಇತ್ತು, ಒಂದು ಗುಟುಕು ಜಾಸ್ತಿಯೇ ಕುಡಿದೆ, ಬಾಯಿ ಸುಟ್ಟಿತು.

'ಹೇಳ್ರಿ ಸರ್' ಅಂದೆ.