ಗಾಡಿ ಬರುವ ಮೊದಲು

ಅಗ್ನಿಶಾಮಕ ದಳದಿಂದ ನಿವೃತ್ತನಾದ ಮೇಲೆ ನನ್ನ ಶನಿವಾರ, ಭಾನುವಾರಗಳು ಮಂಡ್ಯ ಸುತ್ತಮುತ್ತಲಿನ ಊರುಗಳಲ್ಲೇ, ಬೆಂಕಿ, ನೀರಿನ ಅಪಾಯದಲ್ಲಿ ಏನು ಮಾಡಬೇಕೆಂದು ಊರವರಿಗೆ ಕಲಿಸುತ್ತ ಕಳೆಯುತ್ತಿವೆ. ಒಂದು ಶಾಲೆಯ ಬಯಲು, ಎರಡು ಹಳೇ ಹೋಸ್ ಪೈಪು, ಹಗ್ಗದ ಸುರುಳಿಗಳು, ಒಂದಷ್ಟು ಎಕ್ಸ್‌ಟಿಂಗ್ವಿಷರು. ಕಾರ್ಖಾನೆಯವರು ಹೇಗೂ ಖಾಲಿ ಮಾಡಿಸಿ ಹೊಸ ಪುಡಿ ತುಂಬಿಸಬೇಕಾದ ಸಿಲಿಂಡರುಗಳನ್ನು ಕೇಳಿ ತರುತ್ತೇನೆ. ಖಾಲಿಯಾಗುವುದಾದರೆ ಕಲಿಯುವವರ ಕೈಯಲ್ಲೇ ಆಗಲಿ. ಡ್ಯೂಟಿ ಇಲ್ಲದ ದಿನ ಹಳೇ ಸಹೋದ್ಯೋಗಿಗಳು ಒಬ್ಬಿಬ್ಬರು ಬಂದು ಕೈಜೋಡಿಸುತ್ತಾರೆ.

ಕಲಿಯಲು ಬರುವವರು ಕಬ್ಬು ಬೆಳೆಯುವ ಮನೆಯ ಹುಡುಗರು, ಪವರ್‌ಮ್ಯಾನ್‌ಗಳು, ಹೆದ್ದಾರಿ ಪಕ್ಕದ ಗ್ಯಾರೇಜಿನವರು, ಆಶಾ ಕಾರ್ಯಕರ್ತೆಯರು, ಮದುವೆ ಅಡುಗೆ ಒಪ್ಪಿಕೊಳ್ಳುವವರು, ನಾಲೆ ಏರಿಯ ಮೇಲೆ ಟೀ ಅಂಗಡಿ ಇಟ್ಟುಕೊಂಡವರು. ವಾರದ ದಿನ ಇವರಲ್ಲಿ ಯಾರಿಗೂ ಬಿಡುವಿಲ್ಲ. ಒಂದು ದಿನ ಕೆಲಸ ಬಿಟ್ಟರೆ ಆ ದಿನದ ಕೂಲಿ ಹೋಯಿತು. ಆದರೆ ಬೆಂಕಿ ಬಿದ್ದಾಗ, ಕಾರು ನಾಲೆಗೆ ಉರುಳಿದಾಗ ಅಲ್ಲಿ ಮೊದಲು ನಿಂತಿರುವವರು ಇವರೇ. ನಮ್ಮ ಕಡೆ ಸಾಮಾನ್ಯವಾಗಿ ತಾಲ್ಲೂಕಿಗೆ ಒಂದು ಅಗ್ನಿಶಾಮಕ ಠಾಣೆ. ಇಪ್ಪತ್ತು ಕಿಲೋಮೀಟರ್ ಆಚೆಯ ಹಳ್ಳಿಗೆ ಎಷ್ಟು ಜೋರಾಗಿ ಓಡಿಸಿದರೂ ಗಾಡಿ ತಲುಪಲು ಅರ್ಧ ಗಂಟೆ ಹಿಡಿಯುತ್ತದೆ. ಆ ಅರ್ಧ ಗಂಟೆಯಲ್ಲಿ ಏನು ನಡೆಯುತ್ತದೆ ಎಂಬುದರ ಮೇಲೆ ನಾವು ಹೋಗಿ ಮಾಡುವ ಕೆಲಸ ನಿಂತಿರುತ್ತದೆ. ಸರ್ವೀಸಿನಲ್ಲಿದ್ದಷ್ಟು ಕಾಲವೂ ಇದನ್ನು ಕಣ್ಣಾರೆ ಕಂಡಿದ್ದೇನೆ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕ ತುಂಬಿದ್ದ ಫೋರ್ಟ್ ಸ್ಟೈಕಿನ್ ಹಡಗು ಸಿಡಿದು, ಬೆಂಕಿ ಆರಿಸಲು ಹೋದ 66 ಮಂದಿ ಅಗ್ನಿಶಾಮಕರು ಸತ್ತರು. ಅವರ ನೆನಪಿಗೆ ಮೌನಾಚರಣೆ ಮಾಡುತ್ತೇವೆ, ಆಮೇಲೆ ಬಸ್ ಸ್ಟ್ಯಾಂಡು, ಕಾಲೇಜುಗಳಲ್ಲಿ ಪ್ರಾತ್ಯಕ್ಷಿಕೆ ತೋರಿಸುತ್ತೇವೆ. ಅದು ಬೇಕು, ನಾನೂ ಎಷ್ಟೋ ಕಡೆ ತೋರಿಸಿದ್ದೇನೆ. ಆದರೆ ನೋಡಿದ್ದು ಬೇರೆ, ಮಾಡಿದ್ದು ಬೇರೆ. ನೋಡಿದವರು ಚಪ್ಪಾಳೆ ತಟ್ಟಿ ಬಸ್ ಹತ್ತುತ್ತಾರೆ. ಮನೆಯಲ್ಲಿ ಸಿಲಿಂಡರ್ ಹೊತ್ತಿಕೊಂಡ ದಿನ ಅವರ ಕೈಗೆ ಏನೂ ತೋಚುವುದಿಲ್ಲ.

ಅದಕ್ಕೇ ನಮ್ಮ ತರಬೇತಿಯಲ್ಲಿ ಭಾಷಣ ಕಡಿಮೆ. ಶನಿವಾರ ಬೆಳಗ್ಗೆ ಮೊದಲು ಹುಲ್ಲಿಗೆ ಬೆಂಕಿ ಇಡುತ್ತೇವೆ. ಒಬ್ಬೊಬ್ಬರೂ ಪಿನ್ ಕಿತ್ತು ಪುಡಿ ಹೊಡೆಯಬೇಕು. ಆರು ಕೆಜಿ ಎಕ್ಸ್‌ಟಿಂಗ್ವಿಷರ್ 15ರಿಂದ 20 ಸೆಕೆಂಡಿನಲ್ಲಿ ಮುಗಿದೇಹೋಗುತ್ತದೆ. ಇಷ್ಟೇನಾ ಅಂತ ಎಲ್ಲರಿಗೂ ಆಶ್ಚರ್ಯ. ಎರಡು ನಿಮಿಷ ಬಿಟ್ಟು ಅದೇ ಹುಲ್ಲು ಒಳಗಿನಿಂದ ಮತ್ತೆ ಹೊಗೆಯಾಡುತ್ತದೆ. ಪುಡಿ ಮೇಲಿನ ಜ್ವಾಲೆಯನ್ನು ಹೊಡೆಯಿತೇ ಹೊರತು ಒಳಗಿನ ಕೆಂಡವನ್ನಲ್ಲ. ಇದನ್ನು ಬಾಯಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ಕಣ್ಣೆದುರು ಆದರೆ ಮರೆಯುವುದಿಲ್ಲ.

ಮೆದೆಯ ಬೆಂಕಿ ನಮ್ಮ ಜಿಲ್ಲೆಯ ದೊಡ್ಡ ಗೋಳು. ಊರವರೆಲ್ಲ ಬಿಂದಿಗೆ ಹಿಡಿದು ಓಡಿಬಂದು ಉರಿಯುವ ಮೆದೆಯ ನೆತ್ತಿಗೆ ನೀರು ಎರಚುತ್ತಾರೆ. ಒತ್ತಾಗಿ ಒಟ್ಟಿದ ಹುಲ್ಲು ಗುಡಿಸಲ ಸೂರಿನ ಹಾಗೆ ನೀರನ್ನು ಜಾರಿಸಿಬಿಡುತ್ತದೆ, ಒಳಕ್ಕೆ ಹನಿಯೂ ಇಳಿಯುವುದಿಲ್ಲ. ಹೊತ್ತಿಕೊಂಡ ಮೆದೆ ಹೆಚ್ಚುಕಡಿಮೆ ಹೋದ ಹಾಗೇ. ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ, ಆ ಕಡೆಯ ಮೆದೆಯನ್ನು, ಕೊಟ್ಟಿಗೆಯನ್ನು ಮೊದಲು ನೆನೆಸಬೇಕು, ದನಗಳ ಕಣ್ಣಿ ಬಿಚ್ಚಬೇಕು. ಆಮೇಲೆ ಉರಿಯುವುದನ್ನು ದೂರದಿಂದ ಕೊಕ್ಕೆಯಲ್ಲಿ ಎಳೆದು, ಹರಡಿ, ಸ್ವಲ್ಪ ಸ್ವಲ್ಪವೇ ಆರಿಸಬೇಕು. ನಮ್ಮ ಗಾಡಿಯಲ್ಲಿ ಬರುವುದು ಸಾಮಾನ್ಯವಾಗಿ 4,500 ಲೀಟರ್ ನೀರು. ಒಂದು ಜೆಟ್ ಪೂರ್ತಿ ಬಿಟ್ಟರೆ ಹತ್ತು ನಿಮಿಷದ ಆಸುಪಾಸಿನಲ್ಲಿ ಖಾಲಿ. ಮತ್ತೆ ತುಂಬಿಸಿಕೊಳ್ಳಲು ಹತ್ತಿರದಲ್ಲಿ ಯಾವ ಬೋರ್‌ವೆಲ್‌ಗೆ ಕರೆಂಟಿದೆ, ಕೆರೆ ಏರಿಯವರೆಗೆ ಗಾಡಿ ಹೋಗುತ್ತದಾ ಅಂತ ಹೇಳುವ ಒಬ್ಬ ಮನುಷ್ಯ ಊರಿನಲ್ಲಿದ್ದರೆ ನಮಗೆ ಎಷ್ಟೋ ಬಲ.

ಹುಲ್ಲು ಹೇರಿದ ಟ್ರ್ಯಾಕ್ಟರ್ ಜೋತುಬಿದ್ದ ವಿದ್ಯುತ್ ತಂತಿಗೆ ತಗಲುವುದು ಇನ್ನೊಂದು. ಇಲ್ಲಿ ನಾನು ಎಲ್ಲರಿಗೂ ಕುಪ್ಪಳಿಸುವ ಅಭ್ಯಾಸ ಮಾಡಿಸುತ್ತೇನೆ. ತಂತಿ ಗಾಡಿಗೆ ತಾಗಿದ್ದು, ಬೆಂಕಿಯೂ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ದೂರಕ್ಕೆ ನೆಗೆಯಬೇಕು. ಒಂದು ಕೈ ಗಾಡಿಯ ಮೇಲೆ, ಒಂದು ಕಾಲು ನೆಲದ ಮೇಲೆ ಇದ್ದರೆ ಮೈಯೊಳಗೇ ಕರೆಂಟ್ ಹರಿಯುತ್ತದೆ. ನೆಗೆದ ಮೇಲೂ ಕಾಲು ಅಗಲಿಸದೆ, ಪಾದ ನೆಲಕ್ಕೆ ತಾಗಿಸಿಕೊಂಡೇ ಸಣ್ಣಗೆ ಸರಿಯುತ್ತ ದೂರ ಹೋಗಬೇಕು. ಬೆಂಕಿ ಇಲ್ಲದಿದ್ದರೆ ಕರೆಂಟ್ ತೆಗೆಯುವವರೆಗೆ ಸೀಟಿನಲ್ಲೇ ಕುಳಿತಿರಬೇಕು. ಹಾಗಾದರೆ ಕರೆಂಟ್ ತೆಗೆಸುವುದು ಹೇಗೆ? ಒಂದು ಊರಿನಲ್ಲಿ ಬಂದಿದ್ದ ಪವರ್‌ಮ್ಯಾನ್ ಎದ್ದು ನಿಂತು, "ನಿಮ್ಮೂರ್ ಫೀಡರ್ ಹೆಸ್ರೇನು, ಯಾರಾದ್ರೂ ಯೋಳಿ ನೋಡನ" ಅಂದ. ಫೀಡರ್ ಅಂದರೆ ಸಬ್‌ಸ್ಟೇಷನ್‌ನಿಂದ ಊರಿಗೆ ಕರೆಂಟ್ ತರುವ ಲೈನು. ಅದರ ಹೆಸರು ಒಬ್ಬರಿಗೂ ಗೊತ್ತಿರಲಿಲ್ಲ. ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಫೀಡರ್ ಹೆಸರು ಹೇಳಿದರೆ ಅವರು ಹುಡುಕುತ್ತ ಕೂರಬೇಕಾಗಿಲ್ಲ. ಅವತ್ತೇ ಹಾಲಿನ ಡೇರಿಯ ಗೋಡೆಯ ಮೇಲೆ ಫೀಡರ್ ಹೆಸರು, ಸಬ್‌ಸ್ಟೇಷನ್ ನಂಬರ್ ಬರೆಸಿದರು. ಆ ಪವರ್‌ಮ್ಯಾನ್ ಕೇಳಿದ ಒಂದು ಪ್ರಶ್ನೆಯನ್ನು ಈಗ ಎಲ್ಲ ಊರಲ್ಲೂ ನಾನೇ ಕೇಳುತ್ತೇನೆ.

ಮಧ್ಯಾಹ್ನ ಗ್ಯಾಸ್. ಅಡುಗೆಯವರು ಮುಂದಿನ ಸಾಲಿಗೆ ಬರುತ್ತಾರೆ. ಮದುವೆ ಮನೆಗೂ ಬೆಂಕಿಗೂ ಹಳೇ ನಂಟು. 1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟುಹೋದದ್ದು ರಾಜಕುಮಾರಿಯ ಮದುವೆಯ ಸಮಯದಲ್ಲೇ. ಬೀಗರೂಟದ ದಿನ ಶಾಮಿಯಾನದ ಹಿಂದೆ 19 ಕೆಜಿ ಸಿಲಿಂಡರುಗಳು ಸಾಲಾಗಿ ನಿಂತಿರುತ್ತವೆ, ಪಕ್ಕದಲ್ಲೇ ಒಲೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗುವುದಿಲ್ಲ, ನೆಲದ ಮೇಲೆ ಹರಿದು ಚರಂಡಿಯಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. ವಾಸನೆ ಬಂದಾಗ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ, ಬಾಗಿಲು ತೆರೆದು ಹೊರಗೆ ನಡೆಯಿರಿ. ಸಿಲಿಂಡರ್ ಬಾಯಲ್ಲಿ ಉರಿ ಕಂಡರೆ ಗ್ಯಾಸ್ ನಿಲ್ಲಿಸುವುದೇ ಮೊದಲ ಕೆಲಸ. ನಿಲ್ಲಿಸದೆ ಬರೀ ಉರಿ ಆರಿಸಿದರೆ ಗ್ಯಾಸ್ ಸುಮ್ಮನೆ ಹರಡಿ ಇನ್ನೊಂದು ಕಡೆ ಹೊತ್ತಿಕೊಂಡು ದೊಡ್ಡ ಅನಾಹುತವಾಗುತ್ತದೆ. ಒದ್ದೆ ಗೋಣಿತಾಟಿನಲ್ಲಿ ಕೈ ಮುಚ್ಚಿಕೊಂಡು, ಉರಿಯ ಹಿಂಬದಿಯಿಂದ ಬಂದು, ವಾಲ್ವ್ ತಿರುಗಿಸಬೇಕು. ಹತ್ತಿರ ಹೋಗಲಾಗದಿದ್ದರೆ ದೂರದಿಂದ ಸಿಲಿಂಡರಿನ ಮೈಗೆ ನೀರು ಹೊಡೆಯುತ್ತ ತಣ್ಣಗಿಡಬೇಕು, ಅದೂ ಆಗದಿದ್ದರೆ ಜನರನ್ನು ಕರೆದುಕೊಂಡು ದೂರ ಹೋಗಬೇಕು. ಇದರಲ್ಲಿ ಹೆಂಗಸರ ಕೈ ನಡುಗುವುದು ಕಡಿಮೆ. ಆಶಾ ಅಕ್ಕ ಒಬ್ಬರು ಎರಡನೇ ಸಲಕ್ಕೇ ಹಿಂದೆ ಮುಂದೆ ನೋಡದೆ ಹೋಗಿ ವಾಲ್ವ್ ಮುಚ್ಚಿ ಬಂದರು. ಗಂಡುಮಕ್ಕಳು ಗೋಣಿತಾಟು ಮುಂದೆ ಹಿಡಿದುಕೊಂಡು ಇನ್ನೂ ಯೋಚಿಸುತ್ತಿದ್ದರು.

ಕಾದ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಬೇಡಿ ಅಂತ ಎಲ್ಲರೂ ಕೇಳಿರುತ್ತಾರೆ. ಯಾಕೆ ಅಂತ ಬಯಲಿನಲ್ಲಿ ತೋರಿಸುತ್ತೇನೆ, ಉದ್ದನೆ ಕೋಲಿಗೆ ಲೋಟ ಕಟ್ಟಿ, ಜನರನ್ನು ದೂರ ನಿಲ್ಲಿಸಿ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್ ಜಾಗ ಬೇಡುತ್ತದೆ. ಅದು ಎಣ್ಣೆಯನ್ನೂ ಬೆಂಕಿಯನ್ನೂ ಆಳೆತ್ತರಕ್ಕೂ ಮೀರಿ ಎತ್ತಿ ಎಸೆಯುತ್ತದೆ. ಅದನ್ನು ಕಂಡವರು ಬಾಂಡ್ಲಿಯ ಮೇಲೆ ತಟ್ಟೆ ಮುಚ್ಚುವುದನ್ನು ಮರೆಯುವುದಿಲ್ಲ.

ಭಾನುವಾರ ಪೂರ್ತಿ ನೀರಿಗೆ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಗಟ್ಟಿಯಾಗುತ್ತದೆ. 2018ರ ನವೆಂಬರ್ 24, ಶನಿವಾರ, ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. ಕಾರುಗಳು ನಾಲೆಗೆ ಬೀಳುವುದು ಅದಾದ ಮೇಲೂ ನಿಂತಿಲ್ಲ. ಬೇಸಿಗೆ ಬಂತೆಂದರೆ ಒಬ್ಬರನ್ನು ಉಳಿಸಲು ಇನ್ನೊಬ್ಬರು ಇಳಿದು, ಒಂದೇ ಮನೆಯ ಮೂರು ನಾಲ್ಕು ಜನ ಹೋದ ಸುದ್ದಿ ಓದುತ್ತೇವೆ. ಏರಿ ರಸ್ತೆಗೆ ತಡೆಗೋಡೆ ಬೇಕು, ಅದನ್ನು ಸರ್ಕಾರವೇ ಕಟ್ಟಬೇಕು, ಕೇಳುತ್ತಲೇ ಇರಬೇಕು. ಅಲ್ಲಿಯವರೆಗೆ ನಾಲೆ ಪಕ್ಕದ ಪ್ರತಿ ಅಂಗಡಿಯಲ್ಲಿ ಒಂದು ಹಗ್ಗ ಇರಲಿ ಅನ್ನುವುದು ನನ್ನ ಹಟ.

ಒಬ್ಬ ಹುಡುಗ ಒಪ್ಪಲೇ ಇಲ್ಲ. "ಉಟ್ದಾಗಿಂದ ನಾಲೇಲೇ ಈಜಿರೋನು ಸಾ ನಾನು. ಅಗ್ಗ ಎಸ್ಕಂಡ್ ಕುಂತ್ರೆ ಆಳು ಒಂಟೋಯ್ತನೆ" ಅಂದ.

"ನಿಂಗೆ ಈಜು ಬರಲ್ಲ ಅಂತ ಯಾರಂದ್ರು ಕಣಪ್ಪ? ಮುಳುಗೋನು ನಿನ್ನ ಕತ್ತು ತಬ್ಬಿಕೊಂಡ ಮೇಲೆ ಹೆಂಗೆ ಈಜ್ತೀಯ, ಅದನ್ನ ತೋರಿಸು" ಅಂದೆ. ಬಯಲಿನಲ್ಲೇ ಅವನ ಗೆಳೆಯನಿಗೆ ಹಿಂದಿನಿಂದ ಗಟ್ಟಿಯಾಗಿ ತಬ್ಬಿಕೊಳ್ಳಲು ಹೇಳಿದೆ. ಒಣ ನೆಲದ ಮೇಲೂ ಬಿಡಿಸಿಕೊಳ್ಳಲಾಗಲಿಲ್ಲ. ಆಮೇಲೆ ಎಲ್ಲರಿಗಿಂತ ಹೆಚ್ಚು ಸಲ ಹಗ್ಗ ಎಸೆದವನು ಅವನೇ.

ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನ್ ತೆಗೆದುಕೊಳ್ಳಿ. ಎಸೆಯಲು ಭಾರ ಸಿಗುವಷ್ಟು ನೀರು ಅದರ ತಳದಲ್ಲಿರಲಿ, ಮುಚ್ಚಳ ಬಿಗಿಯಾಗಿರಲಿ. ಹಿಡಿಗೆ ಇಪ್ಪತ್ತು ಮೀಟರ್ ಹಗ್ಗ ಕಟ್ಟಿ. ಕ್ಯಾನು ಮುಳುಗುವವನನ್ನು ದಾಟಿ ಬೀಳಬೇಕು, ಹಗ್ಗ ಅವನ ಕೈಗೆ ಸಿಗಬೇಕು. ಹಿಡಿದ ತಕ್ಷಣ ನೀವು ಕುಳಿತುಬಿಡಿ, ಇಲ್ಲದಿದ್ದರೆ ನಾಲೆಯ ಸೆಳೆತ ನಿಮ್ಮನ್ನೂ ಎಳೆಯುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಸೊಂಟಕ್ಕೆ ಕಟ್ಟಿಕೊಳ್ಳಬೇಡಿ. ಸೆಳೆತಕ್ಕೆ ಎದುರಾಗಿ ಎಳೆಯುವುದೂ ಬೇಡ, ಹಿಡಿದು ಕೂತರೆ ನೀರೇ ಅವನನ್ನು ದಡದ ಕಡೆಗೆ ತಿರುಗಿಸುತ್ತದೆ. ಹಗ್ಗ ಇಲ್ಲದಿದ್ದರೆ ಸೀರೆ, ಪಂಚೆ, ಗಳ, ಏನು ಸಿಕ್ಕರೂ ಸರಿ, ಆದರೆ ನಿಮ್ಮ ಕಾಲು ದಡದ ಮೇಲೇ ಇರಬೇಕು.

ಎತ್ತಿದ ಮೇಲೆ ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ಗಿರಗಿರ ತಿರುಗಿಸುವುದು ಬೇಡ. ವಾಟ್ಸ್‌ಆಪ್ ಸುದ್ದಿ ನಂಬಿ, ಮುಳುಗಿ ಸತ್ತ ಮಕ್ಕಳನ್ನು ಬದುಕುತ್ತಾರೆಂದು ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟು ಕಾದ ತಂದೆತಾಯಿ ನಮ್ಮ ರಾಜ್ಯದಲ್ಲೇ ಇದ್ದಾರೆ. ಆ ತಾಯಂದಿರನ್ನು ನೆನೆದರೆ ಸಂಕಟವಾಗುತ್ತದೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಂದ ಉಸಿರು ಕೊಡಿ, ಆಮೇಲೆ ಎದೆಯ ಮಧ್ಯೆ ಎರಡೂ ಅಂಗೈ ಇಟ್ಟು ಒತ್ತಿ. ದೊಡ್ಡವರಾದರೆ ಐದರಿಂದ ಆರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ, 30 ಒತ್ತಿಗೆ ಎರಡು ಉಸಿರು. 108 ಬರುವವರೆಗೆ ನಿಲ್ಲಿಸಬಾರದು. ಎರಡು ನಿಮಿಷಕ್ಕೇ ತೋಳು ಸೋಲುತ್ತದೆ, ಆದ್ದರಿಂದ ಕೈ ಬದಲಾಯಿಸುವುದನ್ನೂ ಅಭ್ಯಾಸ ಮಾಡಿಸುತ್ತೇವೆ. ಪೊಲೀಸ್ ಕೇಸಾಗುತ್ತದೆ ಅಂತ ಹಿಂಜರಿಯುವವರು ಇನ್ನೂ ಇದ್ದಾರೆ. ರಸ್ತೆ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಮು ರಕ್ಷಣೆ ಕೊಟ್ಟಿದೆ. ಹೆಸರು ಹೇಳಬೇಕೆಂಬ ಬಲವಂತವೂ ಇಲ್ಲ.

ಪಿಟ್ ಗುಂಡಿ, ಹಾಳುಬಾವಿಯ ಬಗ್ಗೆ ನನ್ನದು ಒಂದೇ ಮಾತು: ಇಳಿಯಬೇಡಿ. ಒಳಗಿನ ಕೆಟ್ಟ ಗಾಳಿಗೆ ಬಿದ್ದವನನ್ನು ಎತ್ತಲು ಹೋದವನೂ ಬೀಳುತ್ತಾನೆ, ಅವನ ಹಿಂದೆ ಇನ್ನೊಬ್ಬ. ನಾವು ಉಸಿರಾಟದ ಸೆಟ್ ಹಾಕಿಕೊಂಡೇ ಇಳಿಯುವುದು. ಆರು ಲೀಟರಿನ ಸಿಲಿಂಡರಿಗೆ 300 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ ಸುಮಾರು 1,800 ಲೀಟರ್. ದುಡಿಯುವ ಆಳು ನಿಮಿಷಕ್ಕೆ 40 ಲೀಟರ್ ಎಳೆದರೂ ಮುಕ್ಕಾಲು ಗಂಟೆ. ಗಾಬರಿಬಿದ್ದರೆ ಅದಕ್ಕೂ ಬಹಳ ಮೊದಲೇ, ಗಾಳಿ ಮುಗಿಯುತ್ತ ಬಂತೆಂದು ಸೆಟ್ಟಿನ ಸೀಟಿ ಕೂಗುತ್ತದೆ.

ಅಮೆರಿಕದಲ್ಲಿ ಅಗ್ನಿಶಾಮಕರಲ್ಲಿ ಹೆಚ್ಚಿನವರು ಸ್ವಯಂಸೇವಕರು, ಬೇರೆ ಕೆಲಸದಲ್ಲಿದ್ದುಕೊಂಡೇ ಕರೆ ಬಂದಾಗ ಓಡುವವರು. ಅವರಿಗಾಗಿ ಮೇರಿಲ್ಯಾಂಡ್‌ನ ಎಮಿಟ್ಸ್‌ಬರ್ಗ್‌ನಲ್ಲಿರುವ ರಾಷ್ಟ್ರೀಯ ಫೈರ್ ಅಕಾಡೆಮಿಯೇ ವಾರಾಂತ್ಯದ ಎರಡು ದಿನದ ಕೋರ್ಸುಗಳನ್ನು ನಡೆಸುತ್ತದೆ. ನಮ್ಮಲ್ಲಿ ವಿಪತ್ತಿನ ಹೊತ್ತಿಗೆ ನೆರವಾಗುವ ಸ್ವಯಂಸೇವಕರನ್ನು ತಯಾರು ಮಾಡುವ ಆಪದ ಮಿತ್ರ ಯೋಜನೆಯ ತರಬೇತಿ 12 ದಿನದ್ದು, ಒಳ್ಳೆಯದೇ. ಆದರೆ ಗ್ಯಾರೇಜಿನ ಹುಡುಗ 12 ದಿನ ಒಟ್ಟಿಗೆ ಬಿಟ್ಟು ಬರಲಾರ. ಅದೇ ಪಾಠವನ್ನು ಆರು ವಾರಾಂತ್ಯಗಳಿಗೆ ಹಂಚಿ, ತಾಲ್ಲೂಕು ಠಾಣೆಯ ಅಂಗಳದಲ್ಲೇ ನಡೆಸಬಹುದು. ಠಾಣೆಯ ಹುಡುಗರಿಗೂ ಊರಿನವರ ಮುಖ ಪರಿಚಯವಾಗುತ್ತದೆ. ಮಧ್ಯೆ ಒಂದು ವಾರ ಬಿಟ್ಟು ಬಂದವರು ಮನೆಯಲ್ಲಿ ಮಾಡಿ ನೋಡಿ, ಸರಿಯಾದ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಇದನ್ನು ನಾನು ಹೋದಲ್ಲೆಲ್ಲ ಹೇಳುತ್ತಿದ್ದೇನೆ, ಇಲ್ಲೂ ಹೇಳುತ್ತೇನೆ.

ಫೀಡರ್ ಹೆಸರು ಬರೆಸಿದ ಆ ಊರಿನಲ್ಲಿ ಕಳೆದ ಬೇಸಿಗೆ ಮೆದೆಗೆ ಬೆಂಕಿ ಬಿತ್ತು. ಗಾಡಿ ತಲುಪುವ ಹೊತ್ತಿಗೆ ಕರೆಂಟ್ ತೆಗೆಸಿದ್ದರು, ದನ ಬಿಚ್ಚಿದ್ದರು, ಪಕ್ಕದ ಎರಡು ಮೆದೆ ತೊಯ್ದು ತೊಪ್ಪೆಯಾಗಿದ್ದವು. ದಾರಿ ತೋರಿಸಲು ಒಬ್ಬ ಹುಡುಗ ಬೈಕಿನಲ್ಲಿ ಕೈಮರದ ಹತ್ತಿರವೇ ನಿಂತಿದ್ದನಂತೆ. ಫೋನಿನಲ್ಲಿ ಇದನ್ನು ಹೇಳಿದ ಸಹೋದ್ಯೋಗಿಯ ದನಿಯಲ್ಲಿದ್ದ ಖುಷಿ ಇವತ್ತಿಗೂ ನನ್ನನ್ನು ಭಾನುವಾರ ಮನೆಯಿಂದ ಹೊರಡಿಸುತ್ತದೆ.

ನಾಲೆಗೆ ನೀರು ಬಿಡುವ ಮುಂಚೆ ಮತ್ತೆ ಶುರುಮಾಡುತ್ತೇವೆ. ಬರುವವರು ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ, ಪಾಲಿಸ್ಟರ್ ಬೇಡ, ಅದು ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಚಪ್ಪಲಿ ಬೇಡ, ಶೂ ಇರಲಿ. ಸೀರೆ ಉಡುವವರು ಸೆರಗು ಸಿಕ್ಕಿಸಿಕೊಳ್ಳಿ. ಖಾಲಿ ಐದು ಲೀಟರಿನ ಕ್ಯಾನು ಮನೆಯಲ್ಲಿದ್ದರೆ ತನ್ನಿ, ಹಗ್ಗ ಕಟ್ಟಿ ನಿಮ್ಮ ಕೈಗೇ ಕೊಟ್ಟು ಕಳಿಸುತ್ತೇನೆ.