ಧಕ್ಕೆಗೆ ತಲುಪದ ಲೆಕ್ಕ

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ದಿನಗಳವು. ಮಂಗಳೂರಿನ ಧಕ್ಕೆಯಲ್ಲಿ ಮೀನು ಏಲಂ ಆದ ಕೂಡಲೇ ಬೋಟಿನ ಮಾಲಕರ ಮೊಬೈಲಿಗೆ ತೂಕ, ದರ, ಕಮಿಷನ್ ಕಳೆದು ಉಳಿದ ಮೊತ್ತ ಹೋಗಬೇಕು. ಆ ತಂತ್ರಾಂಶ ಬರೆದವನು ನಾನು. ಬಿಜೈಯ ಬಾಡಿಗೆ ಕೋಣೆಯಲ್ಲಿ ಬೆಳಗಿನ ಚಾಕ್ಕೆ ನೀರಿಡುವಾಗ ಏಲಂ ನಡೆಸುವ ಏಜೆಂಟರ ಫೋನ್ ಬಂತು.

"ಮಾರಾಯರೇ, ಒಬ್ಬರಿಗೂ ಮೆಸೇಜ್ ಹೋಗಿಲ್ಲ. ಎರಡು ತಿಂಗಳು ದುಡಿಮೆಯಿಲ್ಲದೆ ಕುಳಿತವರು. ನಾನು ಲೆಕ್ಕ ಅಡಗಿಸಿದ್ದೇನೆ ಎಂದುಕೊಳ್ಳುತ್ತಾರೆ."

ಪ್ರೋಗ್ರಾಂ ತನ್ನ ಕೆಲಸವನ್ನು ಬರೆದಿಡುವ ಲಾಗ್ ತೆರೆದೆ. ದೋಷದ ಒಂದು ಸಾಲೂ ಇಲ್ಲ.

ತಂತ್ರಾಂಶ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಯದ್ದು. ಯಾವ ಕೆಲಸಕ್ಕೆ ಯಾವ ಕ್ಲಾಸ್, ಅಂದರೆ ಯಾವ ಕೋಡಿನ ತುಂಡು, ಎಂಬುದನ್ನು ಡಿಪೆಂಡೆನ್ಸಿ ಇಂಜೆಕ್ಷನ್ ಕಂಟೇನರ್ ಎಂಬ ಉಗ್ರಾಣದಲ್ಲಿ ನೋಂದಾಯಿಸಿಟ್ಟರೆ, ಬೇಕಾದಾಗ ಅದು ಕಟ್ಟಿಕೊಡುತ್ತದೆ. ಹಿಂದಿನ ವಾರ ಪರೀಕ್ಷೆಗೆಂದು ಒಂದು ನಕಲಿ ಮೆಸೇಜ್ ಸೇವೆಯನ್ನು ನನ್ನ ಯಂತ್ರಕ್ಕೆ ಮಾತ್ರ ನೋಂದಾಯಿಸಿದ್ದೆ. ಆ ಗಡಿಬಿಡಿಯಲ್ಲಿ ನಿಜವಾದ ಸೇವೆಯ ಸಾಲು ಅಳಿದುಹೋಗಿತ್ತು. ಹಾಗಿದ್ದರೂ ಸರ್ವರ್ ಏಕೆ ದೂರಲಿಲ್ಲ? ಕಂಟೇನರಿನಿಂದ ಸೇವೆ ಕೇಳಲು ನಾನು ಕರೆದದ್ದು ‘ಗೆಟ್‌ಸರ್ವಿಸ್’ ಅನ್ನು. ನೋಂದಣಿ ಇಲ್ಲದಿದ್ದರೆ ಅದು ಸುಮ್ಮನೆ ನಲ್, ಅಂದರೆ ‘ಏನೂ ಇಲ್ಲ’ ಎಂಬ ಉತ್ತರ, ಕೊಡುತ್ತದೆ. ನಲ್ ಬಂದರೆ ಬಿಟ್ಟು ಮುಂದೆ ಹೋಗಲಿ ಎಂದು ಕೆಳಗಿನ ಸಾಲಿನಲ್ಲಿ ನಾನೇ ಬರೆದಿದ್ದೆ. ಏಲಂ ನಡುವೆ ಪ್ರೋಗ್ರಾಂ ನಿಂತುಹೋಗಬಾರದು ಎಂಬ ಕಾಳಜಿಯಿಂದಲೇ ಬರೆದ ಸಾಲು. ಅದೇ ಸಾಲು ಒಬ್ಬ ಪ್ರಾಮಾಣಿಕ ಮನುಷ್ಯನನ್ನು ಸಂಶಯಕ್ಕೆ ಗುರಿಮಾಡಿದ್ದು ನೋಡಿ ಸಂಕಟವಾಯಿತು.

‘ಗೆಟ್‌ರಿಕ್ವೈರ್ಡ್‌ಸರ್ವಿಸ್’ ಕರೆದಿದ್ದರೆ ಎಕ್ಸೆಪ್ಶನ್, ಅಂದರೆ ದೋಷದ ಕೂಗು, ಬರುತ್ತಿತ್ತು, ಆದರೆ ಅದೂ ಮೊದಲ ಏಲಂ ಮುಗಿದ ಮೇಲೆ. ನನಗೆ ಅಷ್ಟು ಸಾಲದು. ಸಾಮಾನಿಲ್ಲದೆ ಬೋಟು ದಡ ಬಿಡಲೇಬಾರದು. ಮೆಸೇಜ್ ಸೇವೆಯನ್ನು, ಕ್ಲಾಸ್ ಕಟ್ಟುವಾಗಲೇ ಓಡುವ ಕನ್‌ಸ್ಟ್ರಕ್ಟರಿನಲ್ಲೇ ಕೇಳುವಂತೆ ಬದಲಾಯಿಸಿದೆ. ನೋಂದಾಯಿಸಿದ್ದೆಲ್ಲವನ್ನೂ ಕಟ್ಟಲು ಸಾಧ್ಯವೇ ಎಂದು ಆರಂಭದಲ್ಲೇ ನೋಡುವ ‘ವ್ಯಾಲಿಡೇಟ್‌ಆನ್‌ಬಿಲ್ಡ್’ ಎಂಬ ತಪಾಸಣೆ ಡೆವಲಪ್‌ಮೆಂಟ್ ಪರಿಸರದಲ್ಲಿ, ಅಂದರೆ ನನ್ನ ಯಂತ್ರದಲ್ಲಿ, ಮಾತ್ರ ತಾನಾಗಿ ನಡೆಯುತ್ತದೆ. ಅಲ್ಲಿ ನಕಲಿ ಸೇವೆ ಇದ್ದುದರಿಂದ ಎಲ್ಲವೂ ಸರಿಯಾಗಿ ಕಂಡಿತ್ತು. ಆ ತಪಾಸಣೆಯನ್ನು ಸರ್ವರಿನಲ್ಲೂ ಕಡ್ಡಾಯ ಮಾಡಿ, ಅಳಿದ ಸಾಲನ್ನು ಬೇಕೆಂದೇ ಸೇರಿಸದೆ ಒಮ್ಮೆ ಚಾಲೂ ಮಾಡಿದೆ. ಪ್ರೋಗ್ರಾಂ ಏಳಲಿಲ್ಲ. ಏನು ಸಿಗಲಿಲ್ಲ, ಯಾರಿಗಾಗಿ ಹುಡುಕುತ್ತಿತ್ತು, ಎರಡೂ ಹೆಸರುಗಳು ಪರದೆಯ ಮೇಲಿದ್ದವು. ಅಷ್ಟೇ ಅಲ್ಲ, ತಿಂಗಳ ಕೊನೆಗೆ ಮಾತ್ರ ಓಡುವ ವರದಿಯೂ ಅದೇ ಮೆಸೇಜ್ ಸೇವೆಯನ್ನು ನೆಚ್ಚಿಕೊಂಡಿದೆ ಎಂದು ಅದೇ ಪಟ್ಟಿ ಹೇಳಿತು. ಆ ಕೆಂಪು ಅಕ್ಷರಗಳನ್ನು ಕಂಡು ನಿಜಕ್ಕೂ ಸಮಾಧಾನವಾಯಿತು. ಹೊರಗಿನ ಕೋರಿಕೆಗಳಿಗೆ ಉತ್ತರಿಸುವ ಕಂಟ್ರೋಲರ್ ಕ್ಲಾಸ್‌ಗಳು ತಾವಾಗಿ ಕಂಟೇನರಿನೊಳಗೆ ಇರುವುದಿಲ್ಲವಾದ್ದರಿಂದ ಈ ತಪಾಸಣೆ ಅವುಗಳನ್ನು ಮುಟ್ಟುವುದಿಲ್ಲ. ಅವನ್ನೂ ಸೇವೆಗಳಾಗಿ ಸೇರಿಸಿದೆ. ಕೊನೆಗೆ ಅಳಿದ ಸಾಲನ್ನು ಬರೆದೆ.

ಒಂಬತ್ತೂವರೆಗೆ ಬಾಕಿ ಮೆಸೇಜುಗಳೆಲ್ಲ ಹೋದವು. ಮಳೆಯಲ್ಲೇ ಧಕ್ಕೆಗೆ ಹೋದೆ. ಏಜೆಂಟರು ಒಬ್ಬ ಹಿರಿಯ ಮಾಲಕರ ಮುಂದೆ ನನ್ನನ್ನು ನಿಲ್ಲಿಸಿ, "ತಡವಾದದ್ದು ಇವರ ಕಂಪ್ಯೂಟರಿನಿಂದ" ಎಂದರು. ಹೌದು, ತಪ್ಪು ನನ್ನದೇ ಎಂದೆ. ಅವರು ಮೊಬೈಲಿನಲ್ಲಿದ್ದ ಮೊತ್ತವನ್ನು ಇನ್ನೊಮ್ಮೆ ಓದಿ, ಏಜೆಂಟರ ಹೆಗಲು ತಟ್ಟಿ, ಮಂಜುಗಡ್ಡೆಯ ಲಾರಿಯ ಕಡೆಗೆ ನಡೆದರು.