ನಲವತ್ತೊಂದು ಪಾಯಿಂಟು

ನಮ್ಮ ಮನೆಯಲ್ಲಿ ಆಟದ ಹುಚ್ಚು ಇರುವುದು ಇವರಿಗೆ ಮಾತ್ರ. ಹಾಸನದಲ್ಲಿ ಎಂಜಿನಿಯರಿಂಗ್ ಓದುವಾಗ ಕಾಲೇಜು ತಂಡಕ್ಕೆ ವಾಲಿಬಾಲ್ ಆಡಿದವರು. ಸುತ್ತಮುತ್ತಲ ಹಳ್ಳಿಗಳ ಹೊನಲು ಬೆಳಕಿನ ಪಂದ್ಯಾವಳಿಗೆ ಒಂದೇ ಬೈಕಿನಲ್ಲಿ ಮೂವರು ಹೋಗಿ, ರಾತ್ರಿಯೆಲ್ಲ ಆಡಿ, ಬೆಳಗಿನ ಜಾವ ವಾಪಸು ಬರುತ್ತಿದ್ದ ಕತೆ ನನಗೆ ಬಾಯಿಪಾಠ. ಹಾಗಾಗಿ ನಾವಿರುವ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ಊರಿನ ಮೆಮೋರಿಯಲ್ ಸ್ಟೇಡಿಯಮ್ಮಿನಲ್ಲಿ, ಫುಟ್‌ಬಾಲ್ (ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ಮೈದಾನದ ಮೇಲೆಯೇ ಕೋರ್ಟ್ ಹಾಸಿ ಹುಡುಗಿಯರ ವಾಲಿಬಾಲ್ ಆಡಿಸುತ್ತಾರೆ ಎಂದು ತಿಳಿದ ದಿನವೇ ಇವರು ಐದು ಟಿಕೆಟ್ ತೆಗೆದಿಟ್ಟಿದ್ದರು. ದೊಡ್ಡವರಿಗೆ 25 ಡಾಲರ್, ಶಾಲೆಗೆ ಹೋಗುವ ಮಕ್ಕಳಿಗೆ 5. ಫುಟ್‌ಬಾಲ್ ಆಟಕ್ಕೆ ಐದು ಜನ ಹೋಗುತ್ತೇವೆಂದರೆ ಆ ತಿಂಗಳ ದಿನಸಿ ಖರ್ಚಿನ ಮೇಲೆ ಕೈ ಹಾಕಬೇಕು, ಇದಕ್ಕೆ ನಾನೂ ತಕರಾರು ತೆಗೆಯಲಿಲ್ಲ. ಐದನೇ ಟಿಕೆಟ್ ಆ ಬೇಸಿಗೆಯಲ್ಲಿ ಊರಿಂದ ಬಂದಿದ್ದ ನಮ್ಮ ಅತ್ತೆಯದು.

ಇಲ್ಲಿಯ ಜನರ ಆಟದ ಗೀಳನ್ನು ಸ್ವಲ್ಪ ಹೇಳಲೇಬೇಕು. ನೆಬ್ರಾಸ್ಕಾದಲ್ಲಿ ವೃತ್ತಿಪರ ಫುಟ್‌ಬಾಲಿನ ಎನ್‌ಎಫ್‌ಎಲ್ ತಂಡವೂ ಇಲ್ಲ, ಬ್ಯಾಸ್ಕೆಟ್‌ಬಾಲಿನ ಎನ್‌ಬಿಎ ತಂಡವೂ ಇಲ್ಲ. ಇರುವ ಪ್ರೀತಿಯೆಲ್ಲ ವಿಶ್ವವಿದ್ಯಾಲಯದ ತಂಡಗಳಿಗೇ ಮೀಸಲು. 1923ರಲ್ಲಿ ತೆರೆದ ಆ ಸ್ಟೇಡಿಯಮ್ಮಿನ ಫುಟ್‌ಬಾಲ್ ಟಿಕೆಟ್‌ಗಳು 1962ರಿಂದ ಈಚೆಗೆ ಪ್ರತಿ ಪಂದ್ಯಕ್ಕೂ ಪೂರ್ತಿ ಖರ್ಚಾಗಿವೆ. ಸ್ಟೇಡಿಯಂ ತುಂಬಿದ ದಿನ ರಾಜ್ಯದ ಮೂರನೇ ದೊಡ್ಡ ಊರು ಅದೇ ಎಂದು ಇಲ್ಲಿಯವರು ಹೇಳಿಕೊಳ್ಳುತ್ತಾರೆ. ಒಮಾಹಾ ಮತ್ತು ಲಿಂಕನ್ ಬಿಟ್ಟರೆ ಅಷ್ಟು ಜನ ಇರುವ ಊರು ಇಲ್ಲ, ಹಾಗಾಗಿ ಅದು ಬರಿಯ ಬಡಾಯಿಯೂ ಅಲ್ಲ. ವಾಲಿಬಾಲ್ ಹುಡುಗಿಯರು ಅಷ್ಟರಲ್ಲಿ ಐದು ಸಲ ರಾಷ್ಟ್ರೀಯ ಚಾಂಪಿಯನ್ ಆಗಿದ್ದರು. ಅವರ ಒಳಾಂಗಣದ ಟಿಕೆಟ್ ನಮ್ಮಂಥವರ ಕೈಗೆ ಸಿಗುವುದು ಅಪರೂಪ.

2023ರ ಆಗಸ್ಟ್ 30, ಬುಧವಾರ. ಲಿಂಕನ್‌ನ ವಿಶ್ವವಿದ್ಯಾಲಯ ಅವತ್ತು ಪಾಠಗಳನ್ನೇ ರದ್ದು ಮಾಡಿತ್ತು. ನಮ್ಮ ಮಕ್ಕಳಿಗೆ ಆ ಭಾಗ್ಯ ಇಲ್ಲ, ಶಾಲೆ ಮುಗಿಸಿಕೊಂಡೇ ಒಮಾಹಾದಿಂದ ಐ-80 ಹೆದ್ದಾರಿ ಹಿಡಿದೆವು. ಸುಮಾರು ಒಂದು ಗಂಟೆಯ ದಾರಿ ಅವತ್ತು ಬೇಗ ಸಾಗಲೇ ಇಲ್ಲ. ಕೊನೆಗೆ ದೂರದಲ್ಲೇ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು ಪುಳಿಯೋಗರೆ ತಿಂದೆವು. ಆಟಕ್ಕೆ ಮುಂಚೆ ಕಾರಿನ ಹಿಂಬದಿ ತೆರೆದಿಟ್ಟುಕೊಂಡು ತಿನ್ನುವುದು, ಕುಡಿಯುವುದು ಇಲ್ಲಿಯ ಪದ್ಧತಿ. ಪಕ್ಕದ ಪಿಕಪ್‌ನವರು ಮಾಂಸ ಸುಡುತ್ತಿದ್ದರು. ಅತ್ತೆ ಮೊದಲು ಮೂಗು ಮುಚ್ಚಿಕೊಂಡರು. ಆಮೇಲೆ ಆ ಮನೆಯ ಹೆಂಗಸು ಸುಟ್ಟ ಜೋಳದ ತೆನೆ ತಂದುಕೊಟ್ಟಾಗ, ಬೇರೆ ಒಲೆಯದೋ ಅಲ್ಲವೋ ಎಂದು ನನ್ನ ಕಡೆ ಒಂದು ನೋಟ ಬೀರಿ, ತೆಗೆದುಕೊಂಡರು. ಒಳಗಂತೂ ಸಸ್ಯಾಹಾರಿಗಳ ಪಾಡು ದೇವರಿಗೇ ಪ್ರೀತಿ. ಈ ಸೀಮೆಯ ಹೆಮ್ಮೆಯ ತಿಂಡಿ ರನ್ಜಾದ ಒಳಗೆ ಎಲೆಕೋಸಿನ ಜೊತೆ ದನದ ಮಾಂಸ ಇರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಹೊಟ್ಟೆ ತುಂಬಿಸಿಕೊಂಡೇ ಒಳಗೆ ಹೋಗುವುದು ಲೇಸು.

ಇನ್ನೊಂದು, ಒಳಗೆ ಪಾರದರ್ಶಕ ಚೀಲಕ್ಕಷ್ಟೇ ಪ್ರವೇಶ. ಅತ್ತೆಯ ವ್ಯಾನಿಟಿ ಬ್ಯಾಗನ್ನು ಕಾರಿನಲ್ಲಿ ಬಿಟ್ಟು, ಅದರಲ್ಲಿದ್ದದ್ದನ್ನೆಲ್ಲ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಸುರಿದೆ. ಬಿಪಿ ಮಾತ್ರೆಯ ಪಟ್ಟಿ, ಕನ್ನಡಕ, ಅಡಿಕೆ ಡಬ್ಬಿ, ರಾಯರ ಫೋಟೋ, ಅರ್ಧ ತಿಂದು ಮಡಚಿಟ್ಟ ಪೆಪ್ಪರ್‌ಮಿಂಟ್, ಸೇಫ್ಟಿ ಪಿನ್ನಿನ ಗೊಂಚಲು. "ಮನೆ ಗುಟ್ಟೆಲ್ಲ ಬೀದಿಗೆ ಬಂತಲ್ಲೇ!" ಎಂದು ಅತ್ತೆ ಸೆರಗಿನಲ್ಲಿ ಆ ಚೀಲ ಮುಚ್ಚಿಕೊಂಡರೆ, ಗೇಟಿನ ಹುಡುಗ ಅದನ್ನು ಎತ್ತಿ ತೋರಿಸಿ ಎನ್ನುತ್ತಾನೆ.

ನಮ್ಮ ಮನೆಯೊಳಗೆ ಜಗಳ ಶುರುವಾದದ್ದು ಸೀಟಿನಲ್ಲಿ ಕೂತ ಮೇಲೆ. ಲಿಂಕನ್‌ನ ತಂಡದ (ಅದನ್ನು ನೆಬ್ರಾಸ್ಕಾ ಎಂದೇ ಕರೆಯುತ್ತಾರೆ) ಎದುರು ಆಡುತ್ತಿದ್ದದ್ದು ನಮ್ಮೂರು ಒಮಾಹಾದ ವಿಶ್ವವಿದ್ಯಾಲಯದ ಹುಡುಗಿಯರು. ಇವರು ಮತ್ತು ಮಗಳು ನೆಬ್ರಾಸ್ಕಾದ ಕೆಂಪು ಅಂಗಿ ತೊಟ್ಟಿದ್ದರು. ಐದು ವರ್ಷದ ಮಗ, "ನಾವಿರೋದು ಒಮಾಹಾದಲ್ಲಿ ತಾನೇ?" ಎಂದು ಕೇಳಿದ. ಹೌದು ಎಂದೆವು. "ಹಂಗಾದ್ರೆ ನಾನು ಒಮಾಹಾ." ಅವನ ತರ್ಕಕ್ಕೆ ಎದುರು ಹೇಳಲು ನಮ್ಮ ಯಾರ ಹತ್ತಿರವೂ ಏನೂ ಇರಲಿಲ್ಲ. ಸುತ್ತ ಎತ್ತ ನೋಡಿದರೂ ಕೆಂಪು, ಎಲ್ಲರೂ "ಗೋ ಬಿಗ್ ರೆಡ್" ಎಂದು ಕೂಗುತ್ತಿದ್ದರೆ ಇವನೊಬ್ಬ ಒಮಾಹಾ ಒಮಾಹಾ ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಮುಂದಿನ ಸಾಲಿನ ಅಜ್ಜ ಒಬ್ಬರು ತಿರುಗಿ ಅವನ ಕೈ ಕುಲುಕಿದರು.

ನಿಜ ಹೇಳಬೇಕೆಂದರೆ ಅಷ್ಟು ಎತ್ತರದಿಂದ ಆಟ ಕಾಣುವುದಿಲ್ಲ. ಚೆಂಡು ಸಾಸಿವೆಯಷ್ಟು. ಎಲ್ಲರ ಕಣ್ಣೂ ದೊಡ್ಡ ಪರದೆಯ ಮೇಲೆ. ಇವರು ಮಗಳಿಗೆ ಹಿಂದಿನ ಸಾಲಿನಲ್ಲಿ ಚೆಂಡು ಕಾಯುವ ಲಿಬೆರೊ ಬೇರೆ ಬಣ್ಣದ ಅಂಗಿ ತೊಡುವುದು ಯಾಕೆ, ಆಗಿನ ಕಾಲದ 15 ಪಾಯಿಂಟಿನ ಸೆಟ್ಟಿನ ಲೆಕ್ಕ ಹೇಗೆ, ಈಗಿನ 25 ಹೇಗೆ ಎಂದು ಪಾಠ ಮಾಡುತ್ತಲೇ ಇದ್ದರು. ಅವಳ ಗಮನವೆಲ್ಲ ನೆಬ್ರಾಸ್ಕಾ ತಂಡದ ಗಾಳಿ ತುಂಬಿದ ಲಿಲ್ ರೆಡ್ ಗೊಂಬೆ ತಲೆಕೆಳಗಾಗಿ ಕುಣಿಯುವುದರ ಮೇಲೆ. ಮಕ್ಕಳಿಗೆ ನಿಯಮ ಹೇಳಿಕೊಡಲು ಹೋಗಬಾರದು, ಕೇಳಿದಾಗ ಹೇಳಿದರೆ ಸಾಕು ಎಂಬುದು ನನ್ನ ಮತ. ಮಗ ಕೇಳಿದ್ದು ಒಂದೇ ಪ್ರಶ್ನೆ: "ಹುಡುಗರು ಯಾಕೆ ಆಡಲ್ಲ?" ಈ ಎರಡೂ ವಿಶ್ವವಿದ್ಯಾಲಯಗಳಲ್ಲಿ ಹುಡುಗರ ವಾಲಿಬಾಲ್ ತಂಡವೇ ಇಲ್ಲ. ಸರಕಾರದ ಹಣ ಪಡೆಯುವ ಕಾಲೇಜುಗಳು ಹೆಣ್ಣು ಗಂಡೆಂದು ಭೇದ ಮಾಡಕೂಡದೆಂದು 1972ರಲ್ಲಿ ಕಾನೂನು ಬಂತು. ದೊಡ್ಡ ಕಾಲೇಜುಗಳಲ್ಲಿ ಫುಟ್‌ಬಾಲ್ ಒಂದೇ ಹುಡುಗರ 85 ಸ್ಕಾಲರ್‌ಶಿಪ್ ನುಂಗುತ್ತಿತ್ತು. ಅದನ್ನು ಸರಿದೂಗಿಸಲು ಹುಡುಗಿಯರ ತಂಡಗಳು ಬೆಳೆದವು, ವಾಲಿಬಾಲ್ ಅವರ ಆಟವಾಯಿತು. ಐದು ವರ್ಷದವನಿಗೆ ಇದನ್ನೆಲ್ಲ ಹೇಗೆ ಹೇಳುವುದು? "ಅವರಿಗೆ ಫುಟ್‌ಬಾಲ್ ಇದೆಯಲ್ಲ" ಎಂದು ಇವರು ಜಾರಿಕೊಂಡರು.

ಪರದೆಯ ಮೇಲೆ ಆಟವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದವರು ಅತ್ತೆ. ಎರಡನೇ ಸೆಟ್ಟಿನಲ್ಲಿ, "ಲಿಫ್ಟ್ ಮಾಡೋ ಹುಡುಗಿಯ ಬೆರಳು ನೋಡು. ಚೆಂಡು ಕೈಗೆ ತಾಗಿದ ಹಾಗೇ ಇಲ್ಲ" ಎಂದರು. ಇವರು ಬೆರಗಾಗಿ, "ನಿಂಗೆ ಲಿಫ್ಟ್ ಅಂತೆಲ್ಲ ಹೆಂಗಮ್ಮ ಗೊತ್ತು?" ಎಂದರು. ಅತ್ತೆ ಅರಸೀಕೆರೆ ಹೈಸ್ಕೂಲಿನಲ್ಲಿ ಟೆನ್ನಿಕಾಯ್ಟ್ (ರಬ್ಬರ್ ಉಂಗುರ ಎಸೆದು ಹಿಡಿಯುವ ಆಟ) ಡಬಲ್ಸ್ ಆಡಿ ತಾಲ್ಲೂಕು ಮಟ್ಟಕ್ಕೆ ಹೋಗಿದ್ದರಂತೆ, ಪಕ್ಕದ ಕೋರ್ಟಿನಲ್ಲಿ ವಾಲಿಬಾಲ್ ನಡೆಯುತ್ತಿತ್ತಂತೆ. ಉಂಗುರ ಹಿಡಿದು ಹಿಡಿದು ಹೆಬ್ಬೆರಳ ಬುಡದಲ್ಲಿ ಆಗಿದ್ದ ಗಂಟನ್ನೂ ತೋರಿಸಿದರು. ಇಷ್ಟು ವರ್ಷ ಅದನ್ನು ಪಾತ್ರೆ ತೊಳೆದು ಆದದ್ದು ಎಂದುಕೊಂಡಿದ್ದೆ. "ಒಂದು ದಿನಾನೂ ಹೇಳಲಿಲ್ವಲ್ಲ!" ಎಂದು ಇವರು ಆಕ್ಷೇಪಿಸಿದರೆ, "ನಿಂದೇ ಕತೆ ಮುಗೀತಿರಲಿಲ್ಲ, ನಂದೆಲ್ಲಿ ಹೇಳಲಿ?" ಎಂದರು ತಾಯಿ.

ಕತ್ತಲಾಗಿ ದೀಪಗಳೇ ಬೆಳಕಾದ ಹೊತ್ತಿಗೆ ಆಟ ಮುಗಿಯುತ್ತ ಬಂದಿತ್ತು. ಅವತ್ತು ಬಂದವರ ಲೆಕ್ಕ 92,003. 2022ರಲ್ಲಿ ಬಾರ್ಸಿಲೋನಾದ ಕ್ಯಾಂಪ್ ನೌನಲ್ಲಿ ಹೆಂಗಸರ ಫುಟ್‌ಬಾಲ್‌ಗೆ (ಇದು ನಮ್ಮ ಕಡೆಯ ಕಾಲ್ಚೆಂಡು) ಸೇರಿದ್ದ 91,648 ಜನರ ದಾಖಲೆ ಮುರಿಯಿತು. (1971ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಲಕ್ಷಕ್ಕೂ ಮೀರಿ ಸೇರಿದ್ದರೆನ್ನುತ್ತಾರೆ. ಆದರೆ ಆ ಟೂರ್ನಿಗೆ ಫಿಫಾದ ಮುದ್ರೆ ಇರಲಿಲ್ಲವಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.) ನೆಬ್ರಾಸ್ಕಾ 25-14, 25-14, 25-13ರಿಂದ ಗೆದ್ದಿತು. ಮಗನಿಗೆ ಮಾತ್ರ ಸೋಲು ಕಂಡೇ ಇಲ್ಲ. ಅವನು ಒಮಾಹಾದ ಪಾಯಿಂಟ್‌ಗಳನ್ನಷ್ಟೇ ಎಣಿಸುತ್ತಿದ್ದ. ಕಾರಿನಲ್ಲಿ ಅಕ್ಕ ಕೂಡಿಸಿಕೊಟ್ಟಳು: ನಲವತ್ತೊಂದು. ಮಾರನೇ ದಿನ ಶಾಲೆಯಲ್ಲಿ "ನಮ್ಮವರು ನಲವತ್ತೊಂದು ಪಾಯಿಂಟ್ ಹೊಡೆದರು" ಎಂದು ಸಾರಿ ಬಂದಿದ್ದಾನೆ. ಎದುರಾಳಿಯದೆಷ್ಟು ಎಂದು ಟೀಚರ್ ಕೇಳಲಿಲ್ಲವೋ, ಇವನು ಹೇಳಲಿಲ್ಲವೋ.

ಅವನ ಹಠಕ್ಕೆ ಮಣಿದು ಆ ಶರತ್ಕಾಲದಲ್ಲಿ ಒಮಾಹಾದ ಬ್ಯಾಕ್ಸ್‌ಟರ್ ಅರೀನಾಕ್ಕೆ ಹೋಗತೊಡಗಿದೆವು. ನನ್ನನ್ನು ಕೇಳಿದರೆ ಮಕ್ಕಳಿಗೆ ಸರಿಯಾದದ್ದು ಅದೇ. ಮನೆಯಿಂದ ಹತ್ತಿರ, ಮುಂದಿನ ಸಾಲು ಸಲೀಸಾಗಿ ಸಿಗುತ್ತದೆ. ಸ್ಮ್ಯಾಶ್ ಹೊಡೆದರೆ ಮರದ ನೆಲದ ಸದ್ದು ಕಾಲಿಗೆ ತಾಗುತ್ತದೆ, ಹುಡುಗಿಯರು ಒಬ್ಬರನ್ನೊಬ್ಬರು ಕೂಗುವುದು ಕೇಳುತ್ತದೆ. ಮಗಳು ಲಿಬೆರೊ ಯಾರು, ಏನು ಎಂಬುದನ್ನು ಅಲ್ಲಿ ತಾನಾಗಿಯೇ ಕಂಡುಕೊಂಡಳು. ನಿದ್ದೆ ಬಂದರೆ ಎದ್ದು ಹೊರಡಬಹುದು, ತೊಂಬತ್ತು ಸಾವಿರ ಜನರನ್ನು ದಾಟಬೇಕಾಗಿಲ್ಲ. ಲಿಂಕನ್‌ನಲ್ಲಿ ಕಂಡದ್ದು ಸಂಭ್ರಮ, ಆಟ ಕಂಡದ್ದು ಇಲ್ಲಿಯೇ. ಆದರೆ ಆ ಸಂಭ್ರಮ ಇಲ್ಲದಿದ್ದರೆ ಇಬ್ಬರೂ ಇಲ್ಲಿಗೆ ಬರಲು ಒಪ್ಪುತ್ತಿದ್ದರೋ ಇಲ್ಲವೋ.

ಊರಿಗೆ ಹೋದ ಮೇಲೂ ಅತ್ತೆ ಫೋನಿನಲ್ಲಿ ಮೊಮ್ಮಗನಿಂದ ಸ್ಕೋರು ಕೇಳುತ್ತಾರೆ. ಅವನೀಗ ಅದೇ ಅರೀನಾದ ಐಸ್ ಹಾಕಿಯ ಹಿಂದೆ ಬಿದ್ದಿದ್ದಾನೆ. ಹೊರಗೆ ಹಿಮ, ಒಳಗೂ ಹಿಮ, ಅದನ್ನು ದುಡ್ಡು ಕೊಟ್ಟು ನೋಡಲು ನನ್ನಿಂದಾಗದು. ಅಪ್ಪನೇ ಕರೆದುಕೊಂಡು ಹೋಗಲಿ ಎಂದಿದ್ದೇನೆ.